ತೌಲನಿಕ ಪ್ರಬಂಧದ ಪೀಠಿಕೆ ಮತ್ತು ಉಪಸಂಹಾರ: ದೋಷವನ್ನು ಪತ್ತೆ ಹಚ್ಚುವ ಕ್ರಮ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ತೌಲನಿಕ ಪ್ರಬಂಧದ ವಿಷಯಕ್ಕಾಗಿ ದೂರ ಹೋಗಬೇಕಾದ ಅಗತ್ಯವಿಲ್ಲ. ಗೋಳಗುಮ್ಮಟ ಮತ್ತು ಇಬ್ರಾಹಿಂ ರೋಜಾ, ಪಟ್ಟದಕಲ್ಲಿನ ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ ದೇವಾಲಯಗಳು, ಕಿತ್ತೂರು ಚೆನ್ನಮ್ಮ ಮತ್ತು ಸಂಗೊಳ್ಳಿ ರಾಯಣ್ಣ, ಹಿಂಗಾರಿ ಜೋಳ ಮತ್ತು ಕಬ್ಬು ಎಂಬಂಥ ಜೋಡಿಗಳು ಕಣ್ಣೆದುರಿಗೇ ಇವೆ. ಮಾಹಿತಿಗೂ ಕೊರತೆಯಿಲ್ಲ. ಆದರೂ ಬರೆದು ಮುಗಿಸಿದ ಪ್ರಬಂಧವನ್ನು ಓದಿದಾಗ ನಡುವಿನ ಪುಟಗಳು ಗಟ್ಟಿಯಾಗಿದ್ದು, ಮೊದಲ ಮತ್ತು ಕೊನೆಯ ಪ್ಯಾರಾಗಳು ಮಾತ್ರ ಬೇರೆಲ್ಲಿಂದಲೋ ತಂದು ಅಂಟಿಸಿದಂತೆ ಕಾಣುವುದು ಸಾಮಾನ್ಯ. ಅಂಥ ಕರಡೊಂದು ಕೈಯಲ್ಲಿರುವವರಿಗಾಗಿ ಈ ಕೈಪಿಡಿಯನ್ನು ಸಿದ್ಧಪಡಿಸಲಾಗಿದೆ. ಪ್ರಬಂಧ ರಚನೆಯನ್ನು ಮೊದಲಿನಿಂದ ಕಲಿಸುವ ಉದ್ದೇಶ ಇದಕ್ಕಿಲ್ಲ. ಬರೆದದ್ದು ಎಲ್ಲಿ ಕೆಟ್ಟಿದೆ ಎಂದು ಗುರುತಿಸಿ ಅಷ್ಟನ್ನೇ ಸರಿಪಡಿಸುವುದಕ್ಕೆ ಇದು ಸೀಮಿತವಾಗಿದೆ.

ಪೀಠಿಕೆ ಸಪ್ಪೆಯಾಗಿದೆ ಎನಿಸಿದೊಡನೆ ಹೆಚ್ಚಿನವರು ಅದರ ಭಾಷೆಯನ್ನು ತಿದ್ದತೊಡಗುತ್ತಾರೆ. ವಚನದ ಒಂದು ಸಾಲನ್ನೋ ಗಾದೆಯೊಂದನ್ನೋ ತಲೆಗೆ ಸೇರಿಸುತ್ತಾರೆ, ವಿಶೇಷಣಗಳನ್ನು ಹೆಚ್ಚಿಸುತ್ತಾರೆ. ಪಂಪ್‌ಸೆಟ್ಟು ನೀರೆತ್ತದಿದ್ದಾಗ ನಮ್ಮ ರೈತರು ಪೈಪಿನ ಬಾಯಿಯನ್ನು ಒರೆಸುತ್ತ ಕೂರದೆ ಬಾವಿಯ ತಳದಲ್ಲಿರುವ ಫುಟ್‌ವಾಲ್ವನ್ನು ನೋಡುತ್ತಾರಲ್ಲವೇ, ಇಲ್ಲಿಯೂ ನೋಡಬೇಕಾದದ್ದು ಹಾಗೆಯೇ ಕೆಳಗೆ. ತೌಲನಿಕ ಪ್ರಬಂಧದ ತಳದಲ್ಲಿ ಇರಬೇಕಾದವು ಎರಡು: ಹೋಲಿಕೆಯ ನೆಲೆ ಮತ್ತು ಹೋಲಿಕೆಯಿಂದ ಹುಟ್ಟುವ ನಿಲುವು. ಈ ಎರಡನ್ನೇ ಏಕೆ ಪಕ್ಕಪಕ್ಕದಲ್ಲಿ ಇಡಲಾಯಿತು ಎಂಬ ಪ್ರಶ್ನೆಗೆ ಸಿಗುವ ಉತ್ತರ ನೆಲೆ. ಹಾಗೆ ಇಟ್ಟಮೇಲೆ, ಒಂದೊಂದನ್ನೇ ಬಿಡಿಯಾಗಿ ನೋಡಿದ್ದರೆ ಕಾಣದಿದ್ದದ್ದು ಏನು ಕಂಡಿತು ಎಂಬುದಕ್ಕೆ ಸಿಗುವ ಉತ್ತರ ನಿಲುವು. ಪೀಠಿಕೆಯ ಕೆಲಸ ನೆಲೆಯನ್ನು ಸ್ಥಾಪಿಸಿ ನಿಲುವಿನ ದಿಕ್ಕನ್ನು ತೋರಿಸುವುದು. ಉಪಸಂಹಾರದ ಕೆಲಸ ನಿಲುವನ್ನು ಪೂರ್ತಿಯಾಗಿ ಹೇಳಿ ಅದರ ತೂಕ ಎಷ್ಟೆಂದು ತಿಳಿಸುವುದು. ಆದ್ದರಿಂದ ಇವೆರಡೂ ಒಂದೇ ವ್ಯವಸ್ಥೆಯ ಎರಡು ತುದಿಗಳು. ಒಂದು ತುದಿಯಲ್ಲಿ ಕಂಡ ದೋಷದ ಮೂಲ ಇನ್ನೊಂದು ತುದಿಯಲ್ಲೋ ಎರಡಕ್ಕೂ ಕೆಳಗಿನ ತಳದಲ್ಲೋ ಇರುವುದೇ ಹೆಚ್ಚು.

ಮೊದಲ ತಪಾಸಣೆ: ಹೆಸರುಗಳನ್ನು ಅಳಿಸಿ ಓದುವುದು

ಒಡಲನ್ನು, ಅಂದರೆ ಪೀಠಿಕೆ ಮತ್ತು ಉಪಸಂಹಾರಗಳ ನಡುವಿನ ಭಾಗವನ್ನು, ಮುಚ್ಚಿಟ್ಟು ಮೊದಲ ಮತ್ತು ಕೊನೆಯ ಪ್ಯಾರಾಗಳನ್ನಷ್ಟೇ ಒಂದರ ಕೆಳಗೊಂದು ಬರೆದುಕೊಳ್ಳಬೇಕು. ಅವುಗಳಲ್ಲಿ ಹೋಲಿಕೆಗೆ ಎತ್ತಿಕೊಂಡ ವಸ್ತುಗಳ ಹೆಸರನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಆ ಜಾಗದಲ್ಲಿ ಬೇರೆ ಯಾವುದಾದರೂ ಜೋಡಿಯ ಹೆಸರು ಹಾಕಿ ಓದಬೇಕು. ಮೌಲ್ಯಮಾಪನದಲ್ಲಿ ಮತ್ತೆಮತ್ತೆ ಎದುರಾಗುವ ಮಾದರಿಯ ಪೀಠಿಕೆಯೊಂದನ್ನು ಪರೀಕ್ಷೆಗಾಗಿ ಇಲ್ಲಿ ರಚಿಸಿಕೊಳ್ಳೋಣ:

“ಕರ್ನಾಟಕವು ಶಿಲ್ಪಕಲೆಯ ತವರೂರು. ಇಲ್ಲಿ ಅನೇಕ ರಾಜಮನೆತನಗಳು ಆಳಿಹೋಗಿವೆ. ಅವುಗಳ ಕೊಡುಗೆಗಳಲ್ಲಿ ಗೋಳಗುಮ್ಮಟ ಮತ್ತು ಇಬ್ರಾಹಿಂ ರೋಜಾ ಪ್ರಮುಖವಾದವು. ಇವೆರಡರ ನಡುವೆ ಕೆಲವು ಸಾಮ್ಯಗಳೂ ಕೆಲವು ವ್ಯತ್ಯಾಸಗಳೂ ಇವೆ. ಅವುಗಳನ್ನು ಈ ಪ್ರಬಂಧದಲ್ಲಿ ಚರ್ಚಿಸಲಾಗಿದೆ.”

ಇದರ ಜೊತೆಗಾರ ಉಪಸಂಹಾರವೂ ಎಲ್ಲರಿಗೂ ಪರಿಚಿತವೇ: “ಒಟ್ಟಿನಲ್ಲಿ ಹೇಳುವುದಾದರೆ, ಎರಡೂ ಸ್ಮಾರಕಗಳು ತಮ್ಮದೇ ಆದ ವೈಶಿಷ್ಟ್ಯಗಳನ್ನು ಹೊಂದಿದ್ದು ನಮ್ಮ ಸಂಸ್ಕೃತಿಯ ಪ್ರತೀಕಗಳಾಗಿವೆ. ಇವುಗಳನ್ನು ಉಳಿಸಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯವಾಗಿದೆ.”

ಗೋಳಗುಮ್ಮಟ ಮತ್ತು ಇಬ್ರಾಹಿಂ ರೋಜಾ ಇರುವಲ್ಲಿ ಐಹೊಳೆಯ ದುರ್ಗ ದೇವಾಲಯ ಮತ್ತು ಲಾಡಖಾನ್ ದೇವಾಲಯ ಎಂದು ಹಾಕಿದರೆ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ. ಈ ಪರೀಕ್ಷೆಯಿಂದ ಬರಬಹುದಾದ ಫಲಿತಾಂಶಗಳನ್ನು ಬೇರೆಬೇರೆಯಾಗಿ ಓದಿಕೊಳ್ಳಬೇಕು. ಪೀಠಿಕೆ ಮತ್ತು ಉಪಸಂಹಾರಗಳೆರಡೂ ಹೊಸ ಹೆಸರುಗಳನ್ನು ತಕರಾರಿಲ್ಲದೆ ನುಂಗಿಕೊಂಡರೆ ದೋಷ ತಳದಲ್ಲಿದೆ, ಅಂದರೆ ನೆಲೆಯೂ ಇಲ್ಲ, ನಿಲುವೂ ಇಲ್ಲ. ಪೀಠಿಕೆ ನುಂಗಿಕೊಂಡು ಉಪಸಂಹಾರ ತಕರಾರು ಮಾಡಿದರೆ, ಬರೆಯುತ್ತ ಬರೆಯುತ್ತ ಲೇಖಕರಿಗೆ ನಿಲುವು ಸಿಕ್ಕಿದೆ, ಆದರೆ ಅದನ್ನು ಹಿಂದಕ್ಕೆ ಒಯ್ದು ಪೀಠಿಕೆಯಲ್ಲಿ ಹೂಡಿಲ್ಲ. ಇದು ಅತ್ಯಂತ ಸುಲಭವಾಗಿ ವಾಸಿಯಾಗುವ ದೋಷ. ಪೀಠಿಕೆ ತಕರಾರು ಮಾಡಿ ಉಪಸಂಹಾರ ನುಂಗಿಕೊಂಡರೆ, ಆರಂಭದಲ್ಲಿ ಕೊಟ್ಟ ಮಾತನ್ನು ಕೊನೆಯಲ್ಲಿ ನಡೆಸಿಕೊಟ್ಟಿಲ್ಲ. ಹೆಚ್ಚಿನ ವೇಳೆ ಇದಕ್ಕೆ ಸಮಯದ ಅಭಾವ ಅಥವಾ ದಣಿವು ಕಾರಣವಾಗಿದ್ದು, ಒಡಲಿನ ಕೊನೆಯ ಪುಟವನ್ನು ಮತ್ತೊಮ್ಮೆ ಓದಿದರೆ ಬೇಕಾದ ಸಾಮಗ್ರಿ ಅಲ್ಲಿಯೇ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಇಸವಿಗಳನ್ನೂ ಅಳತೆಗಳನ್ನೂ ತುರುಕಿ ಈ ಪರೀಕ್ಷೆಯನ್ನು ವಂಚಿಸಲು ಸಾಧ್ಯವಿದೆ. ಗೋಳಗುಮ್ಮಟದ ಗುಮ್ಮಟಕ್ಕೆ ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸವಿದೆ ಎಂದು ಪೀಠಿಕೆಯಲ್ಲಿ ಬರೆದ ಮಾತ್ರಕ್ಕೆ, ಆ ವಾಕ್ಯ ಬೇರೆ ಸ್ಮಾರಕಕ್ಕೆ ಒಪ್ಪುವುದಿಲ್ಲವೆಂಬುದು ನಿಜವಾದರೂ, ನೆಲೆ ಹುಟ್ಟಿದಂತಾಗುವುದಿಲ್ಲ. ಅದು ಒಂದು ವಸ್ತುವಿನ ಬಗೆಗಿನ ಸಂಗತಿ ಮಾತ್ರ. ನೆಲೆಯ ವಾಕ್ಯದಲ್ಲಿ ಎರಡೂ ವಸ್ತುಗಳು ಒಟ್ಟಿಗೆ ಇರಲೇಬೇಕು ಮತ್ತು ಒಂದನ್ನು ತೆಗೆದರೆ ವಾಕ್ಯ ಕುಸಿಯಬೇಕು.

ನೆಲೆಯೇ ಇಲ್ಲದ ಪ್ರಬಂಧ

ಉಳಿದ ದೋಷಗಳಲ್ಲಿ ಬಹುಪಾಲು ಇದರ ಮರಿಗಳೇ ಆಗಿರುವುದರಿಂದ ಇದನ್ನು ವಿಸ್ತಾರವಾಗಿ ನೋಡುವುದು ಒಳ್ಳೆಯದು. ನೆಲೆಯನ್ನು ಹುಡುಕಲು ಮೊದಲು ಜೋಡಿಯ ಸ್ವಭಾವವನ್ನು ಗುರುತಿಸಬೇಕು. ಕೆಲವು ಜೋಡಿಗಳು ಮೇಲ್ನೋಟಕ್ಕೇ ಒಂದರಂತೆ ಒಂದು ಇರುತ್ತವೆ, ಕೆಲವು ಮೇಲ್ನೋಟಕ್ಕೇ ಭಿನ್ನವಾಗಿರುತ್ತವೆ. ಓದುಗರಿಗೆ ಮೊದಲೇ ಕಾಣುವುದನ್ನು ನೆಲೆಯಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸಿ, ಮೊದಲು ಕಾಣದಿರುವುದನ್ನು ನಿಲುವಾಗಿ ಬೆಳೆಸಬೇಕು. ಬಹಳಷ್ಟು ಕರಡುಗಳಲ್ಲಿ ಇದು ತಿರುವುಮುರುವಾಗಿರುತ್ತದೆ.

ಪಟ್ಟದಕಲ್ಲನ್ನೇ ತೆಗೆದುಕೊಳ್ಳೋಣ. ವಿರೂಪಾಕ್ಷ ದೇವಾಲಯವನ್ನು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದಳು, ಮಲ್ಲಿಕಾರ್ಜುನ ದೇವಾಲಯವನ್ನು ಅವಳ ತಂಗಿಯೂ ಅದೇ ಅರಸನ ರಾಣಿಯೂ ಆದ ತ್ರೈಲೋಕ್ಯಮಹಾದೇವಿ ಕಟ್ಟಿಸಿದಳು. ಎರಡಕ್ಕೂ ಕಾಂಚಿಯ ಪಲ್ಲವರ ಮೇಲಿನ ಜಯವೇ ಸಂದರ್ಭ, ಎರಡೂ 8ನೆಯ ಶತಮಾನದವು, ಎರಡೂ ದ್ರಾವಿಡ ಶೈಲಿಯವು, ಎರಡೂ ಅಕ್ಕಪಕ್ಕದಲ್ಲಿ ನಿಂತಿವೆ. ಇಂಥ ಜೋಡಿಯ ಪೀಠಿಕೆಯಲ್ಲಿ “ಇವೆರಡರ ನಡುವೆ ಅನೇಕ ಸಾಮ್ಯಗಳಿವೆ” ಎಂಬುದು ಸುದ್ದಿಯೇ ಅಲ್ಲ. ಸಂದರ್ಭ, ಕಾಲ, ಶೈಲಿ ಇವೆಲ್ಲ ಒಂದೇ ಆಗಿರುವಾಗ ಉಳಿಯುವ ವ್ಯತ್ಯಾಸಗಳಿಗೆ ಅನಿವಾರ್ಯತೆಯ ಕಾರಣವನ್ನು ಕೊಡುವುದು ಕಷ್ಟ, ಆದ್ದರಿಂದ ಅವು ಆಯ್ಕೆಗಳಿರಬೇಕು ಎಂಬುದು ಇಲ್ಲಿಯ ನೆಲೆಯಾಗಬಲ್ಲದು. ಮಲ್ಲಿಕಾರ್ಜುನದ ಗಾತ್ರ ತುಸು ಚಿಕ್ಕದು, ಅದರ ಶಿಖರದ ತುದಿ ವಿರೂಪಾಕ್ಷದಂತೆ ಚೌಕವಾಗಿರದೆ ದುಂಡಾಗಿದೆ. ಇಷ್ಟು ಸಣ್ಣ ಭೇದಗಳಿಗೆ ತೂಕ ಬರುವುದು ಉಳಿದೆಲ್ಲ ಒಂದೇ ಆಗಿದೆ ಎಂದು ಪೀಠಿಕೆ ಮೊದಲೇ ಸ್ಥಾಪಿಸಿದ್ದರೆ ಮಾತ್ರ.

ಇದಕ್ಕೆ ವಿರುದ್ಧವಾದ ಜೋಡಿ ಅದೇ ಊರಿನಲ್ಲಿದೆ. ವಿರೂಪಾಕ್ಷ ಮತ್ತು ಗಳಗನಾಥ ದೇವಾಲಯಗಳನ್ನು ಹೋಲಿಸುವಾಗ ವ್ಯತ್ಯಾಸವನ್ನು ತೋರಿಸಲು ಪ್ರಬಂಧ ಬೇಕಾಗಿಲ್ಲ, ದೂರದಲ್ಲಿ ನಿಂತು ನೋಡಿದರೆ ಸಾಕು: ಒಂದು ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ವಿಮಾನ, ಇನ್ನೊಂದು ಬಾಗುತ್ತ ಮೇಲೇರುವ ರೇಖಾನಾಗರ ಶಿಖರ. ಇಲ್ಲಿ ಪೀಠಿಕೆ ವ್ಯತ್ಯಾಸವನ್ನು ಒಂದೇ ವಾಕ್ಯದಲ್ಲಿ ಒಪ್ಪಿಕೊಂಡು, ಇಷ್ಟು ಭಿನ್ನವಾದವು ಮಲಪ್ರಭೆಯ ಒಂದೇ ದಂಡೆಯ ಮೇಲೆ, ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಏಕೆ ಇವೆ ಎಂಬ ಕಡೆಗೆ ತಿರುಗಬೇಕು. ಆಗ ಪ್ರಬಂಧದ ವಿಷಯ ಶಿಖರದ ಆಕಾರಗಳಿಂದ ಚಾಲುಕ್ಯರ ನಾಡಿನ ಶಿಲ್ಪಿಗಳ ಕೈಯಲ್ಲಿ ಎರಡು ಸಂಪ್ರದಾಯಗಳು ಒಟ್ಟಿಗೆ ಲಭ್ಯವಿದ್ದ ಸ್ಥಿತಿಗೆ ಸರಿಯುತ್ತದೆ, ಮತ್ತು ಆ ಸ್ಥಿತಿಯ ಬಗ್ಗೆ ಹೇಳಲು ಲೇಖಕರಿಗೆ ಏನಾದರೂ ಇರುತ್ತದೆ.

ಈಗ ಮೇಲಿನ ಕೆಟ್ಟ ಪೀಠಿಕೆಯನ್ನು ರಿಪೇರಿ ಮಾಡೋಣ. ಗೋಳಗುಮ್ಮಟ ಮತ್ತು ಇಬ್ರಾಹಿಂ ರೋಜಾ ಮೊದಲ ಬಗೆಯ ಜೋಡಿ, ಅಂದರೆ ಸಾಮ್ಯವೇ ಎದ್ದು ಕಾಣುವಂಥದ್ದು.

“ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಸಮಾಧಿಯಾದ ಇಬ್ರಾಹಿಂ ರೋಜಾವನ್ನೂ ಅವನ ಮಗ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಳಗುಮ್ಮಟವನ್ನೂ ಬೇರ್ಪಡಿಸುವುದು ಒಂದೇ ತಲೆಮಾರು. ಮನೆತನ ಒಂದೇ, ನಗರ ಒಂದೇ, ಸಮಾಧಿಯ ಎದುರಿಗೆ ಮಸೀದಿಯನ್ನು ನಿಲ್ಲಿಸುವ ಕ್ರಮವೂ ಒಂದೇ. ಆದರೆ ತಂದೆಯ ಸಮಾಧಿ ನೋಡುವವರನ್ನು ಗೋಡೆಯ ಹತ್ತಿರಕ್ಕೆ ಕರೆದು ಕಲ್ಲಿನಲ್ಲಿ ಕೊರೆದ ಅಕ್ಷರಗಳನ್ನು ತೋರಿಸಿದರೆ, ಮಗನ ಸಮಾಧಿ ಅವರನ್ನು ದೂರದಲ್ಲೇ ನಿಲ್ಲಿಸಿ ತನ್ನ ಗಾತ್ರವನ್ನು ತೋರಿಸುತ್ತದೆ. ಈ ಪಲ್ಲಟವನ್ನು ಕೌಶಲದ ಏರಿಳಿತವೆಂದು ತಿಳಿಯುವುದಕ್ಕಿಂತ, ಸ್ಮಾರಕವೊಂದು ನೋಡುಗರಿಂದ ಏನನ್ನು ಬಯಸಬೇಕು ಎಂಬ ಕಲ್ಪನೆಯೇ ಬದಲಾದದ್ದರ ಗುರುತೆಂದು ತಿಳಿಯುವುದು ಸೂಕ್ತ ಎಂಬುದನ್ನು ಅಲಂಕರಣ, ಗುಮ್ಮಟ ಮತ್ತು ಒಳಾಂಗಣ ಎಂಬ ಮೂರು ಅಂಶಗಳಲ್ಲಿ ಪರಿಶೀಲಿಸಲಾಗುವುದು.”

ಮೊದಲ ಎರಡು ವಾಕ್ಯಗಳು ನೆಲೆ, ಮೂರನೆಯದು ತಿರುವು, ನಾಲ್ಕನೆಯದು ನಿಲುವು ಮತ್ತು ನಡೆಯುವ ದಾರಿ. ಹೆಸರು ಬದಲಿಸುವ ಪರೀಕ್ಷೆಗೆ ಇದನ್ನು ಒಡ್ಡಿದರೆ ಮೊದಲ ವಾಕ್ಯದಲ್ಲೇ ಮುರಿಯುತ್ತದೆ. ನಮ್ಮ ಉದ್ದೇಶವೂ ಅದೇ. ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು: ಈ ಪೀಠಿಕೆಯ ನಿಲುವನ್ನು ಒಪ್ಪದಿರಲು ಸಾಧ್ಯವಿದೆ. ಗೋಳಗುಮ್ಮಟದ ಒಳಗೆ ಪಿಸುಮಾತನ್ನೂ ಎದುರು ಬದಿಗೆ ಮುಟ್ಟಿಸುವ ಗ್ಯಾಲರಿ ಇರುವಾಗ ಅದು ನೋಡುಗರನ್ನು ದೂರದಲ್ಲೇ ನಿಲ್ಲಿಸುತ್ತದೆ ಎನ್ನುವುದು ಹೇಗೆ ಎಂದು ಓದುಗರು ಆಕ್ಷೇಪಿಸಬಹುದು, ಮತ್ತು ಒಡಲಿನ ಮೂರನೆಯ ಭಾಗ ಆ ಆಕ್ಷೇಪಕ್ಕೆ ಉತ್ತರ ಕೊಡಬೇಕಾಗುತ್ತದೆ. ಯಾರೂ ಆಕ್ಷೇಪಿಸಲಾಗದ ಪೀಠಿಕೆಯಲ್ಲಿ ಸಾಮಾನ್ಯವಾಗಿ ನಿಲುವೇ ಇರುವುದಿಲ್ಲ.

ಎರಡು ಪೀಠಿಕೆಗಳು ಒಂದಾಗಿ ಅಂಟಿಕೊಂಡಿರುವುದು

ಇದರ ಲಕ್ಷಣ ಸ್ಪಷ್ಟ. ಪ್ಯಾರಾದ ಮೊದಲರ್ಧ ಒಬ್ಬ ವ್ಯಕ್ತಿಯ ಪರಿಚಯ, ಎರಡನೆಯರ್ಧ ಇನ್ನೊಬ್ಬ ವ್ಯಕ್ತಿಯ ಪರಿಚಯ, ಕೊನೆಗೆ “ಈಗ ಇವರಿಬ್ಬರನ್ನು ಹೋಲಿಸೋಣ” ಎಂಬ ಒಂದು ಸಾಲು. ಚೆನ್ನಮ್ಮ ಮತ್ತು ರಾಯಣ್ಣರನ್ನು ಕುರಿತ ಪ್ರಬಂಧಗಳಲ್ಲಿ ಇದು ಹೆಚ್ಚು. ಚೆನ್ನಮ್ಮ ಕಾಕತಿಯಲ್ಲಿ ಹುಟ್ಟಿದಳು, ಕಿತ್ತೂರಿನ ರಾಣಿಯಾದಳು, 1824ರಲ್ಲಿ ಕಂಪನಿ ಸರ್ಕಾರದ ವಿರುದ್ಧ ಹೋರಾಡಿದಳು. ರಾಯಣ್ಣ ಸಂಗೊಳ್ಳಿಯವನು, ಅವನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಎಲ್ಲವೂ ನಿಜ, ಆದರೆ ಇದು ಎರಡು ಪ್ರಬಂಧಗಳ ಆರಂಭ.

ಖಚಿತಪಡಿಸಿಕೊಳ್ಳಲು ಪ್ರತಿಯೊಂದು ವಾಕ್ಯದ ಕರ್ತೃಪದಕ್ಕೆ ಅಡಿಗೆರೆ ಎಳೆಯಬೇಕು. ಇಬ್ಬರನ್ನೂ ಒಳಗೊಂಡ ವಾಕ್ಯ ಕೊನೆಯ ಘೋಷಣೆಯ ಹೊರತು ಒಂದೂ ಇಲ್ಲದಿದ್ದರೆ ದೋಷ ಇದೇ. ಇದಕ್ಕೆ ಕಾರಣ ಟಿಪ್ಪಣಿ ಮಾಡಿಕೊಂಡ ರೀತಿಯಲ್ಲಿರುತ್ತದೆ: ಒಬ್ಬರ ಬಗ್ಗೆ ಒಂದು ಹಾಳೆ, ಇನ್ನೊಬ್ಬರ ಬಗ್ಗೆ ಇನ್ನೊಂದು ಹಾಳೆ. ಹಾಳೆಯ ನಡುವೆ ಗೆರೆ ಎಳೆದು ಅಕ್ಕಪಕ್ಕದಲ್ಲಿ ಬರೆದುಕೊಂಡಿದ್ದರೆ ಕೆಲವು ಸಂಗತಿಗಳು ತಾವಾಗಿಯೇ ಒಂದನ್ನೊಂದು ಮುಟ್ಟುತ್ತಿದ್ದವು. ಚೆನ್ನಮ್ಮನ ಹೋರಾಟ ದತ್ತಕದ ಹಕ್ಕು, ಕೋಟೆ ಮತ್ತು ಸಂಸ್ಥಾನದ ಸುತ್ತ ನಡೆಯಿತು. ರಾಯಣ್ಣ ತನ್ನ ದಂಗೆಯನ್ನು ಕಟ್ಟುವ ಹೊತ್ತಿಗೆ ಕೋಟೆ ಕೈಬಿಟ್ಟಿತ್ತು, ಸೆರೆಯಲ್ಲಿದ್ದ ರಾಣಿ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಿದ್ದಳು. ಅವನಿಗೆ ಉಳಿದಿದ್ದವು ಕಾಡು, ಹಳ್ಳಿಗಳು ಮತ್ತು ಹಠಾತ್ ದಾಳಿಗಳು. ಇವೆರಡನ್ನು ಸೇರಿಸಿದರೆ ಪೀಠಿಕೆಗೆ ಬೇಕಾದ ವಾಕ್ಯ ಹುಟ್ಟುತ್ತದೆ: “ಒಂದೇ ಸಂಸ್ಥಾನಕ್ಕಾಗಿ ಚೆನ್ನಮ್ಮ ಕೋಟೆಯನ್ನು ಇಟ್ಟುಕೊಂಡು ಹೋರಾಡಿದಳು, ರಾಯಣ್ಣ ಕೋಟೆಯಿಲ್ಲದೆ ಹೋರಾಡಿದ, ಹೋರಾಟದ ವಿಧಾನದಲ್ಲಿ, ಅದರಲ್ಲಿ ಪಾಲ್ಗೊಂಡ ಜನರಲ್ಲಿ ಮತ್ತು ಅದು ಉಳಿಸಿಹೋದ ನೆನಪಿನಲ್ಲಿ ಕಾಣುವ ಭೇದಗಳು ಹೆಚ್ಚಾಗಿ ಇದರಿಂದಲೇ ಹೊರಡುತ್ತವೆ.” ಹುಟ್ಟೂರು ಮತ್ತು ಇಸವಿಗಳನ್ನು ಆಮೇಲೆ, ಅಗತ್ಯವಿದ್ದಲ್ಲಿ ಮಾತ್ರ, ಉಪವಾಕ್ಯಗಳಾಗಿ ಸೇರಿಸಬಹುದು.

ಪೀಠಿಕೆಯ ಮಾತಿಗೂ ಒಡಲಿನ ಕ್ರಮಕ್ಕೂ ತಾಳೆಯಾಗದಿರುವುದು

ತೌಲನಿಕ ಪ್ರಬಂಧದ ಒಡಲನ್ನು ಎರಡು ರೀತಿಯಲ್ಲಿ ಕಟ್ಟಬಹುದು. ಒಂದೊಂದು ಅಂಶವನ್ನು ಎತ್ತಿಕೊಂಡು ಎರಡೂ ವಸ್ತುಗಳನ್ನು ಅಲ್ಲಿಯೇ ಹೋಲಿಸುವುದು ಒಂದು. ಮೊದಲ ವಸ್ತುವಿನ ಬಗ್ಗೆ ಪೂರ್ತಿ ಹೇಳಿ ಆಮೇಲೆ ಎರಡನೆಯದರ ಬಗ್ಗೆ ಹೇಳುವುದು ಇನ್ನೊಂದು. ಪೀಠಿಕೆ ಮೊದಲ ಕ್ರಮವನ್ನು ಸೂಚಿಸಿ ಒಡಲು ಎರಡನೆಯ ಕ್ರಮದಲ್ಲಿ ನಡೆದರೆ, ಓದುಗರು ನಡುವಿನಲ್ಲಿ ಹೋಲಿಕೆಗಾಗಿ ಕಾದು ಬೇಸತ್ತು ದೋಷವನ್ನು ಉಪಸಂಹಾರದ ಮೇಲೆ ಹೊರಿಸುತ್ತಾರೆ. ಇಲ್ಲಿ ತಿದ್ದಬೇಕಾದದ್ದು ಪೀಠಿಕೆಯನ್ನು, ಏಕೆಂದರೆ ಅದನ್ನು ತಿದ್ದುವುದು ಅಗ್ಗ.

ಎರಡನೆಯ ಕ್ರಮವನ್ನು ಹಿಡಿದವರು ಪೀಠಿಕೆಯಲ್ಲೇ ಅಳತೆಗೋಲುಗಳನ್ನು ಹೆಸರಿಸಬೇಕು, ಇಲ್ಲವಾದರೆ ಮೊದಲರ್ಧ ಬರಿಯ ವರ್ಣನೆಯಾಗುತ್ತದೆ. ಜೋಳ ಮತ್ತು ಕಬ್ಬಿನ ಪ್ರಬಂಧದಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲಿಯೇ ಅದು ಬೆಳೆದು ಸುಮಾರು ನಾಲ್ಕು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ, ಕಾಳು ಮನೆಗೂ ಕಣಿಕೆ ದನಕ್ಕೂ ಆಗುತ್ತದೆ. ಬೆಳಗಾವಿ ಮತ್ತು ಬಾಗಲಕೋಟೆಯ ನೀರಾವರಿ ಪ್ರದೇಶದ ಕಬ್ಬು ಹೊಲದಲ್ಲಿ ಹೆಚ್ಚುಕಡಿಮೆ ವರ್ಷವಿಡೀ ನಿಲ್ಲುತ್ತದೆ, ನೀರನ್ನು ಮತ್ತೆಮತ್ತೆ ಕೇಳುತ್ತದೆ, ಕಡಿದ ಮೇಲೆ ಬೇಗನೆ ಕಾರ್ಖಾನೆಗೆ ಮುಟ್ಟಬೇಕು. ಇವುಗಳನ್ನು “ಜೋಳದ ಬಗ್ಗೆ” ಮತ್ತು “ಕಬ್ಬಿನ ಬಗ್ಗೆ” ಎಂದು ಬರೆದರೆ ಕೃಷಿ ಮಾಹಿತಿಯ ಎರಡು ಕರಪತ್ರಗಳಾಗುತ್ತವೆ. “ಯಾವ ಬೆಳೆ ರೈತನನ್ನು ಯಾರ ಮೇಲೆ ಅವಲಂಬಿಸುವಂತೆ ಮಾಡುತ್ತದೆ ಎಂಬುದನ್ನು ನೀರು, ಕಾಲ ಮತ್ತು ಮಾರಾಟ ಎಂಬ ಮೂರು ಅಳತೆಗಳಿಂದ ನೋಡಿದರೆ, ಜೋಳದ ರೈತ ಮಳೆಯ ಕಡೆಗೂ ಕಬ್ಬಿನ ರೈತ ಕಾಲುವೆ ಮತ್ತು ಕಾರ್ಖಾನೆಯ ಕಡೆಗೂ ಮುಖ ಮಾಡಿರುವುದು ಕಾಣುತ್ತದೆ” ಎಂದು ಪೀಠಿಕೆಯಲ್ಲಿ ಹೇಳಿದ್ದರೆ, ಜೋಳದ ಭಾಗವನ್ನು ಓದುವಾಗಲೇ ಓದುಗರ ಮನಸ್ಸಿನಲ್ಲಿ ಕಬ್ಬಿಗೆ ಖಾಲಿ ಜಾಗಗಳು ಸಿದ್ಧವಾಗುತ್ತವೆ.

ಪೀಠಿಕೆಯಲ್ಲಿ ಮೊದಲು ಹೆಸರಿಸಿದ ವಸ್ತು ಒಡಲಿನಲ್ಲಿಯೂ ಮೊದಲು ಬರಬೇಕೆಂಬುದು ಸಣ್ಣ ವಿಷಯ, ಆದರೆ ತಪ್ಪಿದರೆ ಬೇಗ ಕಣ್ಣಿಗೆ ಬೀಳುತ್ತದೆ.

ಉಪಸಂಹಾರ ಪೀಠಿಕೆಯನ್ನೇ ಮರಳಿ ಹೇಳುವುದು

ಕೊನೆಯ ಪ್ಯಾರಾವನ್ನು ಎತ್ತಿ ಮೊದಲ ಪ್ಯಾರಾದ ಜಾಗದಲ್ಲಿ ಇಟ್ಟು ಓದಬೇಕು. ಅಲ್ಲಿ ಅದು ಇನ್ನೂ ಚೆನ್ನಾಗಿ ಕುಳಿತುಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ, ಏಕೆಂದರೆ ಅನೇಕ ಕರಡುಗಳಲ್ಲಿ ನಿಜವಾದ ಪೀಠಿಕೆ ಕೊನೆಯಲ್ಲೇ ಇರುತ್ತದೆ. ಹಾಗಿದ್ದಲ್ಲಿ ಅದನ್ನು ಮೇಲಕ್ಕೆ ಸಾಗಿಸಿ, ಹಳೆಯ ಪೀಠಿಕೆಯನ್ನು ಧೈರ್ಯವಾಗಿ ತೆಗೆದುಹಾಕಿ, ಖಾಲಿಯಾದ ಕೊನೆಯ ಜಾಗಕ್ಕೆ ಹೊಸ ಪ್ಯಾರಾ ಬರೆಯಬೇಕು. ಹೊಸ ಪ್ಯಾರಾ ಉತ್ತರಿಸಬೇಕಾದ ಪ್ರಶ್ನೆ ಇದು: ಒಡಲಿನಲ್ಲಿ ತೋರಿಸಿದ್ದು ನಿಜವಾದರೆ ಅದರಿಂದ ಏನಾಯಿತು, ಇನ್ನೇನನ್ನು ಬೇರೆ ರೀತಿಯಲ್ಲಿ ನೋಡಬೇಕಾಗುತ್ತದೆ?

ಗೋಳಗುಮ್ಮಟದ ಪ್ರಬಂಧಕ್ಕೆ ಇಂಥ ಉಪಸಂಹಾರವೊಂದನ್ನು ಹೀಗೆ ಕಟ್ಟಬಹುದು:

“ಇಬ್ರಾಹಿಂ ರೋಜಾದ ಜಾಲಂಧ್ರಗಳಲ್ಲಿ ಅಕ್ಷರವೇ ಅಲಂಕರಣವಾದರೆ, ಗೋಳಗುಮ್ಮಟದಲ್ಲಿ ಹೆಣೆದುಕೊಂಡ ಕಮಾನುಗಳ ಮೇಲೆ ನಡುಗಂಬವಿಲ್ಲದೆ ನಿಂತ ಗುಮ್ಮಟ ತಾನೇ ಅಲಂಕರಣವಾಗಿದೆ. ಮೊದಲನೆಯದು ಓದುವವರನ್ನು ಬಯಸುತ್ತದೆ, ಎರಡನೆಯದಕ್ಕೆ ತಲೆಯೆತ್ತುವವರು ಸಾಕು. ಮುಹಮ್ಮದನ ನಂತರ ಪಟ್ಟಕ್ಕೆ ಬಂದ ಎರಡನೆಯ ಅಲಿ ಆದಿಲ್‌ಶಾಹನ ಸಮಾಧಿಯಾದ ಬಾರಾ ಕಮಾನ್ ಕಮಾನುಗಳ ಹಂತದಲ್ಲೇ ನಿಂತುಹೋಗಿರುವುದರಿಂದ, ಅದು ಈ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯುತ್ತಿತ್ತು ಎಂದು ತೀರ್ಮಾನಿಸಲಾಗದು. ಆದರೆ ಅದರ ವಿಸ್ತಾರವಾದ ತಳಪಾಯವನ್ನು ನೋಡಿದರೆ, ಗಾತ್ರದ ಭಾಷೆ ಮುಹಮ್ಮದನೊಬ್ಬನ ಇಚ್ಛೆಯಾಗಿ ಉಳಿಯದೆ ಮನೆತನದ ಅಭ್ಯಾಸವಾಗತೊಡಗಿತ್ತು ಎನ್ನಲು ಅವಕಾಶವಿದೆ.”

ಉಪಸಂಹಾರದಲ್ಲಿ ಹೊಸ ಸಂಗತಿ ಬರಬಾರದು ಎಂಬ ನಿಯಮವನ್ನು ಕಲಿತವರಿಗೆ ಬಾರಾ ಕಮಾನಿನ ಪ್ರವೇಶ ಇರಿಸುಮುರಿಸು ಮಾಡಬಹುದು. ನಿಯಮ ಸರಿಯಾದದ್ದೇ, ಆದರೆ ಅದು ತಡೆಯುವುದು ಹೊಸ ವಾದವನ್ನು. ಮೂರನೆಯ ವಸ್ತುವೊಂದು ಬಂದು ಈಗಾಗಲೇ ಸ್ಥಾಪಿತವಾದ ನಿಲುವನ್ನು ಅಳೆದು ತೋರಿಸಿ ಹೊರಟುಹೋದರೆ ಅಡ್ಡಿಯಿಲ್ಲ. ಅದಕ್ಕೆ ತನ್ನದೇ ಆದ ವಿವರಣೆ, ಇತಿಹಾಸ, ಉಪವಾದಗಳು ಬೇಕಾಗತೊಡಗಿದರೆ ಅದು ಒಡಲಿಗೆ ಸೇರಬೇಕಾದದ್ದು ಅಥವಾ ಇನ್ನೊಂದು ಪ್ರಬಂಧದ ವಿಷಯ. ನನ್ನ ಅಭಿಪ್ರಾಯದಲ್ಲಿ ಪರೀಕ್ಷೆಯ ಉತ್ತರದಲ್ಲಿ ಇದಕ್ಕೆ ಒಂದು ವಾಕ್ಯದ ಮಿತಿ ಇಟ್ಟುಕೊಳ್ಳುವುದು ಕ್ಷೇಮ.

“ಎರಡೂ ಶ್ರೇಷ್ಠ” ಎಂಬ ಮುಕ್ತಾಯ

ಈ ಮುಕ್ತಾಯದ ಹಿಂದೆ ಸೋಮಾರಿತನಕ್ಕಿಂತ ಸೌಜನ್ಯವೇ ಹೆಚ್ಚಾಗಿರುತ್ತದೆ. ಹೋಲಿಸುವುದೆಂದರೆ ಒಂದನ್ನು ಎತ್ತಿ ಇನ್ನೊಂದನ್ನು ಇಳಿಸುವುದು ಎಂಬ ಅಳುಕಿನಿಂದ, ಅದರಲ್ಲೂ ದೇವಾಲಯ, ದರ್ಗಾ, ನಾಡಿನ ವೀರರು ಇಂಥ ವಿಷಯಗಳಲ್ಲಿ, ವಿದ್ಯಾರ್ಥಿಗಳು ಕೊನೆಗೆ ಇಬ್ಬರಿಗೂ ಸಮನಾಗಿ ಹಾರ ಹಾಕಿ ಮುಗಿಸುತ್ತಾರೆ. ತೌಲನಿಕ ಪ್ರಬಂಧ ಅಂಕ ಕೊಡುವ ಸ್ಪರ್ಧೆಯಲ್ಲವಾದ್ದರಿಂದ ಯಾವುದು ಶ್ರೇಷ್ಠ ಎಂದು ಹೇಳಬೇಕಾದ ಅಗತ್ಯವೇ ಇಲ್ಲ. ಹೇಳಬೇಕಾದದ್ದು, ಯಾವ ವಿಷಯದಲ್ಲಿ ಯಾವುದು ಏನನ್ನು ಮಾಡುತ್ತದೆ ಎಂಬುದು. ರಿಪೇರಿಯ ವಿಧಾನ ಸರಳವಾಗಿದೆ: “ಎರಡೂ ಶ್ರೇಷ್ಠ” ಎಂಬ ವಾಕ್ಯವನ್ನು ಷರತ್ತಿನ ವಾಕ್ಯವಾಗಿ ಒಡೆಯಬೇಕು. ಬರಗಾಲವನ್ನು ಎದುರಿಸುವ ದೃಷ್ಟಿಯಿಂದ ನೋಡಿದರೆ ಜೋಳ, ಕೈಗೆ ಒಮ್ಮೆಲೇ ಬರುವ ಹಣದ ದೃಷ್ಟಿಯಿಂದ ನೋಡಿದರೆ ಕಬ್ಬು, ಮತ್ತು ಈ ಎರಡು ದೃಷ್ಟಿಗಳಲ್ಲಿ ಯಾವುದು ಒಂದು ಕುಟುಂಬಕ್ಕೆ ಮುಖ್ಯವಾಗುತ್ತದೆ ಎಂಬುದು ಹೊಲಕ್ಕೆ ಕಾಲುವೆ ಇದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಇಷ್ಟು ಹೇಳಿದಾಗ ಯಾರನ್ನೂ ಇಳಿಸಿದಂತಾಗಲಿಲ್ಲ, ಆದರೂ ತೀರ್ಮಾನವೊಂದು ಬಂತು.

ಇದರ ವಿರುದ್ಧ ದೋಷವೂ ಆಗಾಗ ಕಾಣುತ್ತದೆ. ಒಡಲಿನಲ್ಲಿ ಕಿಟಕಿ, ಕೆತ್ತನೆ, ಮಿನಾರುಗಳನ್ನಷ್ಟೇ ಹೋಲಿಸಿದವರು ಕೊನೆಯಲ್ಲಿ ಇದ್ದಕ್ಕಿದ್ದಂತೆ ಆದಿಲ್‌ಶಾಹಿ ರಾಜ್ಯದ ಅವನತಿಗೇ ಕಾರಣ ಕಂಡುಹಿಡಿಯುತ್ತಾರೆ. ಉಪಸಂಹಾರದ ಪ್ರತಿಯೊಂದು ಹೇಳಿಕೆಯ ಎದುರಿಗೆ ಅದಕ್ಕೆ ಆಧಾರವಾದ ಒಡಲಿನ ಪ್ಯಾರಾದ ಸಂಖ್ಯೆಯನ್ನು ಬರೆಯಬೇಕು. ಸಂಖ್ಯೆ ಸಿಗದ ಹೇಳಿಕೆಯನ್ನು ತೆಗೆದುಹಾಕಬೇಕು ಅಥವಾ ಅದಕ್ಕೆ ಒಡಲಿನಲ್ಲಿ ಜಾಗ ಮಾಡಿಕೊಡಬೇಕು.

ಕರೆ ಕೊಟ್ಟು ಮುಗಿಸುವುದು

“ಇಂಥ ವೀರರ ಆದರ್ಶಗಳನ್ನು ನಾವೆಲ್ಲರೂ ಅಳವಡಿಸಿಕೊಳ್ಳೋಣ”, “ಇವುಗಳನ್ನು ಸಂರಕ್ಷಿಸೋಣ” ಎಂಬ ಕೊನೆಯ ಸಾಲುಗಳು ಭಾಷಣದಿಂದ ಬಂದವು. ಕಿತ್ತೂರು ಉತ್ಸವದ ವೇದಿಕೆಯ ಮೇಲೆ ಅವುಗಳಿಗೆ ಯೋಗ್ಯ ಸ್ಥಾನವಿದೆ. ಪ್ರಬಂಧದಲ್ಲಿ ಆ ಸಾಲನ್ನು ಅಳಿಸಿ, ಅದರ ಹಿಂದಿನ ವಾಕ್ಯದಲ್ಲಿ ಪ್ರಬಂಧ ನಿಲ್ಲುತ್ತದೆಯೇ ಎಂದು ನೋಡಬೇಕು. ನಿಂತರೆ ಕೆಲಸ ಮುಗಿಯಿತು. ನಿಲ್ಲದಿದ್ದರೆ ಕರೆಯ ಸಾಲು ಮುಚ್ಚಿಟ್ಟಿದ್ದ ಖಾಲಿ ಜಾಗ ಬಯಲಾಗಿದೆ ಎಂದು ತಿಳಿದು ಮೊದಲ ತಪಾಸಣೆಗೆ ಮರಳಬೇಕು.

ದೋಷವೆಂದು ತಪ್ಪಾಗಿ ತಿಳಿಯಲಾಗುವ ಕೆಲವು ಸಂಗತಿಗಳು

ಪೀಠಿಕೆಯಲ್ಲಿ ಬಂದ ಮುಖ್ಯ ಪದಗಳು ಉಪಸಂಹಾರದಲ್ಲಿ ಮತ್ತೆ ಬರುವುದು ಪುನರುಕ್ತಿಯಲ್ಲ. ಪರ್ಯಾಯ ಪದಗಳನ್ನು ಹುಡುಕಿ ಹಾಕಿದರೆ ಓದುಗರು ವಿಷಯವೇ ಬದಲಾಯಿತೆಂದು ತಿಳಿಯುವ ಅಪಾಯವಿದೆ. ಎರಡು ವಸ್ತುಗಳಿಗೆ ಸಮಾನ ಪುಟಗಳು ಸಿಗದಿರುವುದೂ ಸ್ವತಃ ದೋಷವಲ್ಲ. ಮಲ್ಲಿಕಾರ್ಜುನವನ್ನು ಅರ್ಥಮಾಡಿಕೊಳ್ಳುವುದಕ್ಕಾಗಿ ವಿರೂಪಾಕ್ಷವನ್ನು ಬಳಸಿಕೊಳ್ಳುವ ಪ್ರಬಂಧದಲ್ಲಿ ವಿರೂಪಾಕ್ಷಕ್ಕೆ ಕಡಿಮೆ ಜಾಗ ಸಿಗುವುದು ಸಹಜ, ಆದರೆ ಆ ಉದ್ದೇಶವನ್ನು ಪೀಠಿಕೆ ಒಂದು ವಾಕ್ಯದಲ್ಲಿ ತಿಳಿಸಿರಬೇಕು. ನಿಲುವನ್ನು ಪೀಠಿಕೆಯಲ್ಲಿ ಪೂರ್ತಿಯಾಗಿ ಹೇಳದೆ ಪ್ರಶ್ನೆಯ ರೂಪದಲ್ಲಿ ಇಡುವುದನ್ನೂ ಒಪ್ಪಬಹುದು. ಸಾಲುಸಾಲಾಗಿ ನಾಲ್ಕೈದು ಪ್ರಶ್ನೆಗಳನ್ನು ಕೇಳುವುದನ್ನು ಮಾತ್ರ ಒಪ್ಪಲಾಗದು.

ಉದ್ದದ ಬಗ್ಗೆ ಕಟ್ಟುನಿಟ್ಟಾದ ನಿಯಮವಿಲ್ಲ. ಒಟ್ಟು ಬರವಣಿಗೆಯ ಹತ್ತನೆಯ ಒಂದು ಭಾಗಕ್ಕಿಂತ ಪೀಠಿಕೆ ಬಹಳ ಬೆಳೆದರೆ ಒಡಲಿಗೆ ಸೇರಬೇಕಾದದ್ದು ಅಲ್ಲಿ ಸೇರಿಕೊಂಡಿದೆಯೇ ಎಂದು ನೋಡಿದರೆ ಸಾಕು.

ಪರೀಕ್ಷಾ ಕೊಠಡಿಯಲ್ಲಿ ಮತ್ತು ಕೈಮೀರಿದ ಸಂದರ್ಭದಲ್ಲಿ

ಪರೀಕ್ಷೆಯಲ್ಲಿ ಮೇಲಿನ ತಪಾಸಣೆಗಳಿಗೆಲ್ಲ ಸಮಯವಿರುವುದಿಲ್ಲ. ಅಲ್ಲಿ ಅನುಸರಿಸಬಹುದಾದದ್ದು ಇಷ್ಟು: ಉತ್ತರಪತ್ರಿಕೆಯಲ್ಲಿ ಪೀಠಿಕೆಗೆ ಏಳೆಂಟು ಸಾಲುಗಳ ಜಾಗ ಬಿಟ್ಟು, ಕಚ್ಚಾ ಬರಹದ ಪುಟದಲ್ಲಿ ಎರಡೂ ವಸ್ತುಗಳಿರುವ ಒಂದೇ ಒಂದು ವಾಕ್ಯ ಬರೆದುಕೊಂಡು ಒಡಲನ್ನು ಆರಂಭಿಸುವುದು. ಒಡಲು ಮುಗಿದ ಮೇಲೆ ಆ ವಾಕ್ಯ ಇನ್ನೂ ನಿಜವಾಗಿ ಉಳಿದಿದೆಯೇ ಎಂದು ನೋಡಿ, ತಿದ್ದಿ, ಬಿಟ್ಟ ಜಾಗದಲ್ಲಿ ಪೀಠಿಕೆಯಾಗಿ ತುಂಬುವುದು. ಒಡಲನ್ನು ಬರೆಯುವಾಗ ಆ ವಾಕ್ಯದಲ್ಲಿ ಆದ ತಿದ್ದುಪಡಿಯೇ ಉಪಸಂಹಾರಕ್ಕೆ ಬೇಕಾದ ಸಾಮಗ್ರಿಯಾಗುತ್ತದೆ, ಏಕೆಂದರೆ ಮೊದಲಿಗೆ ಹಾಗೆ ಕಂಡದ್ದು ಪರಿಶೀಲನೆಯ ನಂತರ ಹೀಗೆ ಕಂಡಿತು ಎಂದು ಹೇಳಲು ಲೇಖಕರಿಗೆ ಕಾರಣವಿರುತ್ತದೆ.

ಎಷ್ಟು ತಿದ್ದಿದರೂ ಪೀಠಿಕೆ ಎದ್ದು ನಿಲ್ಲದಿದ್ದರೆ ಜೋಡಿಯನ್ನೇ ಅನುಮಾನಿಸಬೇಕು. ಗೋಕಾಕ ಜಲಪಾತ ಮತ್ತು ಗೋಳಗುಮ್ಮಟ ಎಂಬ ಜೋಡಿಗೆ ಎರಡೂ ಕಡೆ ಪ್ರವಾಸಿಗರು ಬರುತ್ತಾರೆ ಎಂಬುದರ ಹೊರತು ನೆಲೆ ಸಿಗುವುದು ಕಷ್ಟ. ವಿಷಯದ ಆಯ್ಕೆ ವಿದ್ಯಾರ್ಥಿಯದೇ ಆಗಿದ್ದರೆ ಜಲಪಾತವನ್ನು ಉಳಿಸಿಕೊಂಡು ಪಕ್ಕದಲ್ಲಿ ಆಲಮಟ್ಟಿ ಅಣೆಕಟ್ಟನ್ನು ಇಡಬಹುದು: ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ತಾನಾಗಿ ಧುಮುಕುವಲ್ಲಿ ಗಿರಣಿಯೊಂದು ನದಿಯ ಬಳಿಗೆ ಹೋಯಿತು, ಕೃಷ್ಣೆಯನ್ನು ತಡೆದು ನಿಲ್ಲಿಸಿದಲ್ಲಿ ನೀರು ಕಾಲುವೆಯಾಗಿ ಹೊಲದ ಬಳಿಗೆ ಹೋಗುತ್ತದೆ. ಪೀಠಿಕೆಯ ಮೊದಲ ವಾಕ್ಯ ಇಷ್ಟರಲ್ಲೇ ಸಿದ್ಧವಾಗಿದೆ. ಪ್ರಶ್ನೆಪತ್ರಿಕೆಯೇ ಕೊಟ್ಟ ಜೋಡಿಯಾದರೆ ಬದಲಿಸುವ ಸ್ವಾತಂತ್ರ್ಯವಿಲ್ಲ. ಆಗ ಇವೆರಡರ ನಡುವಿನ ಸಂಬಂಧ ಸೀಮಿತವಾದದ್ದು ಎಂಬುದನ್ನು ಪೀಠಿಕೆಯಲ್ಲಿ ಮುಚ್ಚಿಡದೆ ಹೇಳಿ, ಆ ಸೀಮಿತ ಸಂಬಂಧವನ್ನು, ಅಂದರೆ ನೈಸರ್ಗಿಕ ದೃಶ್ಯಕ್ಕೂ ಮನುಷ್ಯ ಕಟ್ಟಿದ ಸ್ಮಾರಕಕ್ಕೂ ಬರುವ ನೋಡುಗರು ಅಲ್ಲಿ ಏನು ಮಾಡುತ್ತಾರೆ ಎಂಬಷ್ಟನ್ನು, ಹಿಡಿದು ಬರೆಯಬೇಕು. ಉಪಸಂಹಾರವನ್ನೂ ಅಷ್ಟಕ್ಕೇ ನಿಲ್ಲಿಸಬೇಕು.